ಪುಸ್ತಕ ಹೇಳದ ಎರಡು ಕುರ್ಚಿಗಳ ಕಥೆ (ಬಿಕಾಂ ಸಿಲಬಸ್ ಆಚೆ, ಭಾಗ 6)

ಬಿಕಾಂ ಓದಿದವರಿಗೆಲ್ಲ ಈ ಪ್ರಶ್ನೆ ಗೊತ್ತು: "ಹಾಥಾರ್ನ್ ಪ್ರಯೋಗಗಳನ್ನು ವಿವರಿಸಿ." ಉತ್ತರವೂ ಗೊತ್ತು. ಎಲ್ಟನ್ ಮೇಯೋ ಅನ್ನೋರು ಅಮೆರಿಕದ ಫ್ಯಾಕ್ಟರಿಯೊಂದರಲ್ಲಿ ಪ್ರಯೋಗ ಮಾಡಿದ್ರು, ಕೆಲಸಗಾರರ ಕಡೆ ಗಮನ ಕೊಟ್ಟರೆ ಅವರ ಹುರುಪು ಹೆಚ್ಚುತ್ತೆ, ಉತ್ಪಾದನೆ ಏರುತ್ತೆ. ನಾಲ್ಕು ಪಾಯಿಂಟ್ ಬರೆದ್ರೆ ಮಾರ್ಕ್ಸ್ ಗ್ಯಾರಂಟಿ. ನಾನೂ ಹಾಗೇ ಬರೆದು ಪಾಸಾದವನು. ಪರೀಕ್ಷೆ ಮುಗಿದ ಮೇಲೆ ಕುತೂಹಲಕ್ಕೆ ಓದ್ತಾ ಹೋದಾಗ ಗೊತ್ತಾಯ್ತು, ನಾವು ಬರೆದದ್ದು ಅರ್ಧ ಕಥೆ ಅಂತ.

ಮೊದಲ ಫೋಟೋ ನೋಡಿ. ಉದ್ದನೆಯ ಬೆಂಚಿನ ಮುಂದೆ ಸಾಲಾಗಿ ಕೂತಿರೋ ಹುಡುಗಿಯರು. ಜಾಗ ಶಿಕಾಗೋ ಪಕ್ಕದ ಸಿಸೆರೋ, ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ. ಅಮೆರಿಕದ ಟೆಲಿಫೋನ್ ಉಪಕರಣಗಳು ತಯಾರಾಗ್ತಿದ್ದ ಜಾಗ. 1920ರ ದಶಕದ ಕೊನೆಗೆ ಇಲ್ಲಿ ಸುಮಾರು 40,000 ಜನ ಕೆಲಸಕ್ಕಿದ್ರು. ಒಂದು ಊರೇ ಅನ್ನಿ.

ಶುರುವಾದದ್ದು ಬಲ್ಬಿನಿಂದ. 1924ರಿಂದ 1927ರವರೆಗೆ ಬೆಳಕಿನ ಪ್ರಯೋಗ ನಡೀತು. ಬೆಳಕು ಹೆಚ್ಚಾದ್ರೆ ಕೆಲಸ ಹೆಚ್ಚಾಗುತ್ತಾ ಅನ್ನೋದು ಪ್ರಶ್ನೆ. ಹೆಚ್ಚಿಸಿದ್ರು, ಕೆಲಸ ಹೆಚ್ಚಾಯ್ತು. ಕಮ್ಮಿ ಮಾಡಿದ್ರು, ಆಗಲೂ ಅಂದುಕೊಂಡಷ್ಟು ಇಳೀಲಿಲ್ಲ. ಹಾಗಾದ್ರೆ ಕಾರಣ ಬಲ್ಬಲ್ಲ, ಬೇರೇನೋ ಇದೆ ಅಂತ ಎಲ್ಲರೂ ತಲೆ ಕೆರೆದುಕೊಂಡ್ರು.

1927ರ ಮೇ ತಿಂಗಳಲ್ಲಿ ಆರು ಯುವತಿಯರನ್ನು ಬೇರೆ ಕೋಣೆಗೆ ಕರೆದು ತಂದ್ರು. ಐದು ಜನ ರಿಲೇ ಜೋಡಿಸೋರು, ಒಬ್ಬಳು ಬಿಡಿಭಾಗ ಒದಗಿಸೋಳು. ಸುಮಾರು 35 ಚೂರುಗಳ ಒಂದು ರಿಲೇ, ಹೆಚ್ಚುಕಮ್ಮಿ ನಿಮಿಷಕ್ಕೊಂದು. ಇಲ್ಲಿ ಹಳೆಯ ಮೇಸ್ತ್ರಿಯ ಕಾವಲು ಇರಲಿಲ್ಲ, ಲೆಕ್ಕ ಬರೆಯೋ ಒಬ್ಬ ವೀಕ್ಷಕ ಇದ್ದ. ಐದು ನಿಮಿಷ ವಿರಾಮ ಕೊಟ್ಟರು, ಆಮೇಲೆ ಹತ್ತು ನಿಮಿಷ, ಬೆಳಿಗ್ಗೆ ತಿಂಡಿ, ಸಂಜೆ ಬೇಗ ಮನೆಗೆ. ಪ್ರತಿ ಬದಲಾವಣೆಗೂ ಮುಂಚೆ ಅವರ ಅಭಿಪ್ರಾಯ ಕೇಳ್ತಿದ್ರು. ಉತ್ಪಾದನೆ ಏರ್ತಾ ಹೋಯ್ತು. ಎರಡು ವರ್ಷದಲ್ಲಿ ಸುಮಾರು ಶೇ. 30. ನಡುವೆ 1928ರಲ್ಲಿ ಎಲ್ಲ ಸೌಲಭ್ಯ ವಾಪಸ್ ಪಡೆದು ನೋಡಿದ್ರು. ಗಂಟೆ ಲೆಕ್ಕದಲ್ಲಿ ಕೆಲಸ ಸ್ವಲ್ಪ ಇಳಿದ್ರೂ ವಾರದ ಒಟ್ಟು ಲೆಕ್ಕ ಬೀಳಲಿಲ್ಲ.

ನಮ್ಮ ಪುಸ್ತಕ ಇಲ್ಲಿಗೆ ಚಪ್ಪಾಳೆ ತಟ್ಟಿ ನಿಲ್ಲುತ್ತೆ. ನೀವು ನಿಲ್ಲಬೇಡಿ.

ಒಂದು, ಆ ಕೋಣೆಗೆ ಬಂದ ಮೇಲೆ ಸಂಬಳದ ಲೆಕ್ಕವೇ ಬದಲಾಗಿತ್ತು. ಮೊದಲು ನೂರಕ್ಕೂ ಹೆಚ್ಚು ಜನರ ಒಟ್ಟು ಕೆಲಸದ ಮೇಲೆ ಪಾಲು ಸಿಗ್ತಿತ್ತು. ಇಲ್ಲಿ ತಮ್ಮ ಪುಟ್ಟ ಗುಂಪಿನ ಕೆಲಸಕ್ಕೆ ಮಾತ್ರ ಲೆಕ್ಕ. ಹೆಚ್ಚು ಮಾಡಿದ್ರೆ ಹೆಚ್ಚು ದುಡ್ಡು ತಮ್ಮ ಕೈಗೇ ಬರ್ತಿತ್ತು.

ಎರಡು, ಆ ಕುರ್ಚಿಗಳು. ಮಾತಾಡ್ಕೊಂಡು ಕೆಲಸ ಮಾಡಿ, ಒತ್ತಡ ಬೇಡ ಅಂದಿದ್ರಲ್ಲ? 1928ರ ಜನವರಿಯಲ್ಲಿ, ಮಾತು ಜಾಸ್ತಿ, ಸಹಕರಿಸ್ತಿಲ್ಲ ಅಂತ ಇಬ್ಬರನ್ನು ಕೋಣೆಯಿಂದಲೇ ತೆಗೆದ್ರು. ಹೆಚ್ಚು ಚುರುಕಾಗಿದ್ದ ಇನ್ನಿಬ್ಬರನ್ನು ಅಲ್ಲಿ ಕೂರಿಸಿದ್ರು. ಮೇಯೋ ಕಾರ್ಖಾನೆಗೆ ಮೊದಲ ಸಲ ಬಂದದ್ದೇ ಆಮೇಲೆ, ಏಪ್ರಿಲ್‌ನಲ್ಲಿ. ಖುಷಿಯಿಂದ ಉತ್ಪಾದನೆ ಏರಿತು ಅನ್ನೋ ಗ್ರಾಫಿನೊಳಗೆ ಇಬ್ಬರು ಹುಡುಗಿಯರು ಕಾಣೆಯಾಗಿದ್ದಾರೆ.

ಹಾಗಂತ ಎಲ್ಲ ಸುಳ್ಳು ಅಂತೀನಾ? ಇಲ್ಲ. 1928ರಿಂದ 1930ರ ನಡುವೆ ಅದೇ ಕಂಪನಿ 21,000ಕ್ಕೂ ಹೆಚ್ಚು ಕೆಲಸಗಾರರನ್ನು ಕೂರಿಸಿ ಅವರ ಕಷ್ಟ ಕೇಳ್ತು. ಮೊದಲು ಪಟ್ಟಿ ಹಿಡಿದು ಪ್ರಶ್ನೆ ಕೇಳಿದ್ರು, ಆಮೇಲೆ ಅದನ್ನು ಬಿಟ್ಟು ಅವರು ಹೇಳಿದ್ದನ್ನು ಸುಮ್ನೆ ಕೇಳೋದು ಕಲಿತ್ರು. ಆ ಕಾಲಕ್ಕೆ ಇದು ದೊಡ್ಡ ಮಾತು. ಆದ್ರೆ 1929ರ ಆರ್ಥಿಕ ಕುಸಿತದ ನಂತರ ಸಾವಿರಾರು ಜನರ ಕೆಲಸ ಹೋಯ್ತು. ಕೆಲಸವೇ ಉಳಿಯುತ್ತೋ ಇಲ್ವೋ ಅನ್ನೋವಾಗ ಹುರುಪು ಎಲ್ಲಿಂದ ಬರಬೇಕು? 1931ರಲ್ಲಿ 14 ಗಂಡಸರ ಗುಂಪನ್ನು ಗಮನಿಸಿದಾಗ ಅವರು ಬೇಕಂತಲೇ ಮಿತಿ ಹಾಕ್ಕೊಂಡು ಕೆಲಸ ಮಾಡ್ತಿದ್ರು. ಯಾರಾದ್ರೂ ಜಾಸ್ತಿ ಮಾಡಿದ್ರೆ ಪಕ್ಕದವನು ತೋಳಿಗೊಂದು ಗುದ್ದು ಕೊಡ್ತಿದ್ದ. ಇವತ್ತು ಹೆಚ್ಚು ಮಾಡಿದ್ರೆ ನಾಳೆ ಅದೇ ಟಾರ್ಗೆಟ್ ಆಗುತ್ತೆ ಅನ್ನೋ ಭಯ.

ಈ ಭಯ ನನಗೆ ಪುಸ್ತಕದಿಂದ ಗೊತ್ತಾಗಬೇಕಿರಲಿಲ್ಲ. ನಮ್ಮಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಮಹಿಳಾ ದಿನಕ್ಕೆ ಅವರ ಲೈನ್‌ನವರಿಗೆಲ್ಲ ಕೇಕು, ಗುಲಾಬಿ, ಒಂದು ಮೋಟಿವೇಷನ್ ಭಾಷಣ. ಮಾರನೇ ವಾರ ಗಂಟೆಗೆ ಐದು ಪೀಸ್ ಜಾಸ್ತಿ. ರಾತ್ರಿ ಅಮ್ಮನಿಗೆ ಈ ಎರಡು ಕುರ್ಚಿ ಕಥೆ ಹೇಳಿದೆ. ಅನ್ನ ಬಡಿಸ್ತಾ ಒಂದೇ ಮಾತು ಕೇಳಿದ್ರು: "ಆ ಇಬ್ರು ಆಮೇಲೆ ಏನಂದ್ರಂತೆ? ಅವ್ರನ್ನ ಯಾರೂ ಕೇಳ್ಲಿಲ್ವಾ?"

ನನ್ನ ಐದು ಮಾರ್ಕ್ಸಿನ ಉತ್ತರದಲ್ಲಿ ಇದು ಇರಲಿಲ್ಲ.

ನಾಳೆ ನಿಮ್ಮಲ್ಲಿ ಯಾರೋ ಎಚ್‌ಆರ್ ಆಗ್ತೀರಿ, ಯಾರೋ ಸ್ವಂತ ಅಂಗಡಿ ಇಡ್ತೀರಿ. ಕೇಕ್ ಕತ್ತರಿಸೋ ಮುಂಚೆ ಮೂರು ವಿಷಯ ನೋಡಿ: ಹೆಚ್ಚು ದುಡಿದವರಿಗೆ ಹೆಚ್ಚು ಸಿಗ್ತಿದೆಯಾ, ಕೆಲಸ ಉಳಿಯುತ್ತೆ ಅನ್ನೋ ನಂಬಿಕೆ ಇದೆಯಾ, ಎದುರು ಮಾತಾಡಿದವರ ಕುರ್ಚಿ ಇನ್ನೂ ಅಲ್ಲೇ ಇದೆಯಾ.

ನೀವು ಕೆಲಸ ಮಾಡೋ ಜಾಗದಲ್ಲಿ ಹೇಗೆ? ಕಮೆಂಟಲ್ಲಿ ಬರೀರಿ, ಕಂಪನಿ ಹೆಸರು ಬೇಡ. ಪರೀಕ್ಷೆ ಹತ್ರ ಇರೋ ಫ್ರೆಂಡ್‌ಗೆ ಕಳಿಸಿ.

#ಬಿಕಾಂಸಿಲಬಸ್ಆಚೆ #ಕೆಲಸದಇತಿಹಾಸ #ಕನ್ನಡ