ಗವಾನನ ಮೊಹರು, ನಮ್ಮ ಇನ್‌ಬಾಕ್ಸ್

ಭಾಳ ಮಂದಿ ಕೇಳೋದು ಒಂದೇ ಪ್ರಶ್ನೆ: ಜಿಮೇಲ್‌ನಾಗ ಕೆಲವು ಕಂಪನಿ ಹೆಸರಿನ ಪಕ್ಕ ನೀಲಿ ಟಿಕ್ ಬರ್ತದಲ್ಲ, ಅದನ್ನ ನಂಬಬಹುದಾ? ಹೇಳ್ತೀನಿ. ಆದ್ರೆ ಅದಕ್ಕ ಮೊದಲು 1481ಕ್ಕೆ ಹೋಗಬೇಕು. ಜಾಗ ದೂರ ಏನಿಲ್ಲ, ನಮ್ಮ ಕಮಲನಗರದಿಂದ ಭಾಲ್ಕಿ ದಾಟಿದ್ರ ಬೀದರ್.

ಬೀದರ್‌ನ ಮದರಸಾ ಮುಂದ ನಿಂತು ನೀವೂ ಫೋಟೊ ತೆಗೆಸಿಕೊಂಡಿರ್ತೀರಿ. ಅದನ್ನು 1472ರ ಸುಮಾರಿಗೆ ಕಟ್ಟಿಸಿದವನು ಮಹಮೂದ್ ಗವಾನ್. ಇರಾನಿನ ಗೀಲಾನ್‌ನಿಂದ ವ್ಯಾಪಾರಿಯಾಗಿ ಬಂದು ಬಹಮನಿ ಸುಲ್ತಾನರ ಪ್ರಧಾನಿಯಾದ. ಸ್ಕೂಲ್ ಪುಸ್ತಕದಾಗ ಇಷ್ಟು ಇರ್ತದ. ನನಗ ಹಿಡಿಸಿದ್ದು ಬೇರೆ. ಈ ಮನುಷ್ಯನಿಗೆ ಪತ್ರದ ಹುಚ್ಚು! ಪತ್ರ ಹೆಂಗ ಬರೀಬೇಕು ಅನ್ನೋದರ ಮೇಲೆ ಪಾರ್ಸಿಯಲ್ಲಿ ‘ಮನಾಜಿರ್-ಉಲ್-ಇನ್ಶಾ’ ಅಂತ ಒಂದು ಪುಸ್ತಕವನ್ನೇ ಬರೆದ. ತಾನು ಕಳಿಸಿದ ಪತ್ರಗಳನ್ನು ‘ರಿಯಾಜ್-ಉಲ್-ಇನ್ಶಾ’ದಲ್ಲಿ ಕೂಡಿಸಿಟ್ಟ. ಹೆರಾತ್‌ನ ಕವಿ ಜಾಮಿಗೆ ಬರೆದದ್ದು, ಆಟೊಮನ್ ಸುಲ್ತಾನನಿಗೆ ಬರೆದದ್ದು ಎಲ್ಲಾ ಅದರಾಗ ಅದಾವ. ಸೆಂಟ್ ಫೋಲ್ಡರನ್ನೇ ಪುಸ್ತಕ ಮಾಡಿದವನು ಅನ್ರಿ.

ಇಂಥವನನ್ನು ಕೊಂದದ್ದೂ ಒಂದು ಪತ್ರವೇ.

ಕಥೆ ಹೇಳಿದವನು ಫಿರಿಷ್ತಾ, ನೂರು ವರ್ಷ ಕಳೆದ ಮೇಲೆ, ಬಿಜಾಪುರದ ಆಸ್ಥಾನದಲ್ಲಿ ಕೂತು ಬರೆದದ್ದು. ಗವಾನನ ವಿರೋಧಿಗಳು ಅವನ ಮೊಹರು ಕಾಯುವವನನ್ನು ದೋಸ್ತಿ ಮಾಡಿಕೊಂಡರು. ಅವನು ಕುಡಿದ ಅಮಲಿನಲ್ಲಿದ್ದಾಗ ಮಡಚಿದ ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿಕೊಂಡರು. ಆಮೇಲೆ ಒಡಿಶಾದ ರಾಜನನ್ನು ದಂಡೆತ್ತಿ ಬಾ ಅಂತ ಕರೆಯುವ ಮಾತು ಅದರಲ್ಲಿ ತುಂಬಿದರು. ಸುಲ್ತಾನ ಮೂರನೇ ಮುಹಮ್ಮದ್ ಷಾ ಪತ್ರ ತೋರಿಸಿದಾಗ, ಮೊಹರು ನನ್ನದೇ, ಪತ್ರ ನನ್ನದಲ್ಲ ಅಂದನಂತೆ ಗವಾನ್. ಕೇಳಲಿಲ್ಲ. 1481ರ ಏಪ್ರಿಲ್‌ನಲ್ಲಿ ತಲೆ ಹೋಯ್ತು. ಮರುವರ್ಷ ಸುಲ್ತಾನನೂ ಸತ್ತ, ಮುಂದ ರಾಜ್ಯ ಐದು ತುಂಡಾಯ್ತು.

ಇಲ್ಲಿ ತಾಂತ್ರಿಕ ತಪ್ಪು ಏನು ಹೇಳ್ರಿ? ಮೊಹರು ಖರೇನೇ ಇತ್ತು. ಆದರೆ ಅದಕ್ಕೂ ಒಳಗಿನ ಮಾತಿಗೂ ಗಂಟು ಇರಲಿಲ್ಲ. ಇಮೇಲ್‌ಗೂ ಭಾಳ ವರ್ಷ ಇದೇ ರೋಗ. ‘ಇಂಥವರಿಂದ’ ಅನ್ನೋ ಜಾಗದಾಗ ಯಾರ ಹೆಸರು ಬೇಕಾದ್ರೂ ಬರೀಬಹುದಿತ್ತು. 2007ರಲ್ಲಿ ಡಿಕೆಐಎಂ ಅನ್ನೋ ಪದ್ಧತಿ ಬಂತು. ಕಳಿಸುವ ಸರ್ವರ್ ಪತ್ರದ ಮಾತಿನ ಮೇಲೇ ಲೆಕ್ಕ ಹಾಕಿ ಡಿಜಿಟಲ್ ಸಹಿ ಹಚ್ತದ. ಒಳಗ ಒಂದು ಪದ ಬದಲಾದ್ರೂ ಸಹಿ ತಾಳೆ ಆಗಲ್ಲ. ಖಾಲಿ ಕಾಗದದ ಆಟ ಅಲ್ಲಿಗೆ ಬಂದ್. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಜಿಮೇಲ್‌ಗೆ ಕಳಿಸೋರಿಗೆ 2024ರ ಫೆಬ್ರುವರಿಯಿಂದ ಇದು ಕಡ್ಡಾಯ. ಜೊತೆಗೆ ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಆಗೋ ಬಟನ್ನೂ ಕೊಡಬೇಕು, ಉಪಯೋಗಿಸ್ರಿ. ನೀಲಿ ಟಿಕ್ ಬಂದದ್ದು 2023ರ ಮೇನಲ್ಲಿ: ಈ ಡೊಮೇನು, ಈ ಲೋಗೊ ಇವರದೇ ಅಂತ ಪರೀಕ್ಷೆ ಆಗೇದ ಅಂತ ಅರ್ಥ.

ಹಂಗಂತ ಟಿಕ್ ಇಲ್ಲದ್ದೆಲ್ಲ ಸುಳ್ಳಲ್ಲ, ಸಹಿ ತಾಳೆಯಾದದ್ದೆಲ್ಲ ಒಳ್ಳೇದೂ ಅಲ್ಲ. ಕಳ್ಳನೂ ಒಂದು ಡೊಮೇನ್ ಕೊಂಡು ಅದಕ್ಕೇ ಸಹಿ ಹಾಕಬಹುದು. ಬಿ.ಕಾಂ ಮುಗಿಸಿದ ನಮ್ಮಂಥವರಿಗೆ ಆಫರ್ ಲೆಟರ್ ಬರ್ತಾವ, ಲೋಗೊ ಚಂದ, ಇಂಗ್ಲಿಷ್ ಚಂದ, ಕೊನೆಗೆ ಲ್ಯಾಪ್‌ಟಾಪ್ ಡಿಪಾಸಿಟ್ ಕಟ್ಟಿ ಅಂತ ಸಾಲು. ಕಳಿಸಿದವರ ಹೆಸರಿನ ಕೆಳಗ ‘ಟು ಮಿ’ ಒತ್ರಿ, ಪೂರ್ತಿ ವಿಳಾಸ ಕಾಣ್ತದ. @ ಆದಮೇಲಿನ ಅಕ್ಷರ ಒಂದೊಂದೇ ಓದ್ರಿ.

ನನಗ ಇದಕ್ಕಿಂತ ದೊಡ್ಡ ಚಿಂತೆ ಮೊಹರು ಕಾಯುವವನದು. ನಮ್ಮ ಕಡೆ ಸ್ಕಾಲರ್‌ಶಿಪ್, ನೌಕರಿ ಅರ್ಜಿ ಎಲ್ಲಾ ಆನ್‌ಲೈನ್ ಸೆಂಟರ್‌ನಾಗ ತುಂಬಿಸ್ತೀವಿ. ಎಷ್ಟೋ ಹುಡುಗರ ಮೇಲ್ ಐಡಿ ಮಾಡಿಕೊಟ್ಟವರೇ ಅಂಗಡಿಯವರು, ಪಾಸ್‌ವರ್ಡ್ ಅವರ ರಿಜಿಸ್ಟರ್‌ನಾಗ ಬರೆದಿರ್ತದ. ಅಂಗಡಿಯಣ್ಣ ಒಳ್ಳೆಯವನೇ ಇರಬಹುದು. ಆದ್ರೆ ಆ ಕಂಪ್ಯೂಟರ್ ಮುಂದ ನಿಮ್ಮ ನಂತರ ಕೂಡೋರು ಯಾರು? ಅಲ್ಲಿಂದ ಹೋದ ಮೇಲ್‌ಗೆ ಸಹಿ ತಾಳೆಯಾಗೇ ಆಗ್ತದ, ಯಾಕಂದ್ರೆ ಮೊಹರು ನಿಮ್ಮದೇ. ಇವತ್ತೇ ಗೂಗಲ್ ಅಕೌಂಟ್‌ನ ಸೆಕ್ಯೂರಿಟಿಗೆ ಹೋಗಿ ‘ಯುವರ್ ಡಿವೈಸಸ್’ ಪಟ್ಟಿ ನೋಡ್ರಿ. ಗುರುತಿಲ್ಲದ ಕಂಪ್ಯೂಟರ್ ಇದ್ರೆ ಸೈನ್ ಔಟ್ ಮಾಡ್ರಿ, ಪಾಸ್‌ವರ್ಡ್ ಬದಲಿಸ್ರಿ, ಟೂ-ಸ್ಟೆಪ್ ಹಚ್ಚಿಕೊಳ್ರಿ.

ಅಂದಹಾಗೆ ಇದೇ ಮದರಸಾದ ಚಿತ್ರ 1931ರಲ್ಲಿ ನಿಜಾಮರ 12 ಆಣೆ ಅಂಚೆಚೀಟಿ ಮೇಲೆ ಬಂದಿತ್ತು. ಆ ಅಂಚೆಯ ಕಥೆ ಮುಂದಿನ ಎಪಿಸೋಡ್‌ನಾಗ.