ಒಂಟಿ ದನಿಯ ಹಿಂದಿನ ಮೇಳ

ರಾಕ್ ಬ್ಯಾಂಡಿನ ಗಾಯಕನೊಬ್ಬ ತನ್ನದೇ ಹೆಸರಿನಲ್ಲಿ ಮೊದಲ ಆಲ್ಬಂ ತಂದಾಗಲೆಲ್ಲ ವಿಮರ್ಶಕರು ಒಂದೇ ಪಲ್ಲವಿ ಹಿಡಿಯುತ್ತಾರೆ: ಬ್ಯಾಂಡಿನ ಕಟ್ಟು ಕಳಚಿತು, ಇನ್ನು ಕೇಳಿಸುವುದು ಅವನ ನಿಜವಾದ ದನಿ. ಐದು ದಶಕಗಳ ಆಲ್ಬಂಗಳನ್ನು ಎದುರಿಗಿಟ್ಟುಕೊಂಡು ಕೇಳಿದರೆ ಈ ಮಾತು ನಿಲ್ಲುವುದಿಲ್ಲ. ಹೊರಬಂದ ಗಾಯಕ ಗೆದ್ದದ್ದು ಒಂಟಿಯಾದಾಗಲ್ಲ, ‘ಇದು ಬೇಡ’ ಎಂದು ಅವನ ಮುಖಕ್ಕೇ ಹೇಳಬಲ್ಲ ಇನ್ನೊಂದು ಮೇಳ ಸಿಕ್ಕಾಗ.

ಆರಂಭದ ಘಟ್ಟವನ್ನು ಬೇಗ ದಾಟಬಹುದು. 1973ರಲ್ಲಿ ರಾಕ್ಸಿ ಮ್ಯೂಸಿಕ್‌ನ ಬ್ರಯನ್ ಫೆರಿ ಪರರ ಹಾಡುಗಳನ್ನೇ ಹಾಡಿದ. ಅದೇ ವರ್ಷ ‘ದ ಹೂ’ ತಂಡದ ರೋಜರ್ ಡಾಲ್ಟ್ರಿಗೆ ಬಹುಪಾಲು ಹಾಡು ಕೊಟ್ಟವರು ಲಿಯೋ ಸೇಯರ್ ಮತ್ತು ಡೇವಿಡ್ ಕೋರ್ಟ್ನಿ. ಏಕಾಂತದ ಪ್ರತಿಮೆಯೇ ಆಗಿಬಿಟ್ಟಿರುವ ಸಿಡ್ ಬ್ಯಾರೆಟ್‌ನ 1970ರ ಆಲ್ಬಂ ಕೂಡ ಪೂರ್ತಿಯಾದದ್ದು, ಅವನನ್ನು ಬಿಟ್ಟು ಮುಂದೆ ಹೋಗಿದ್ದ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮರ್, ರೋಜರ್ ವಾಟರ್ಸ್ ನಿರ್ಮಾಣಕ್ಕೆ ಕೈಹಾಕಿದ ಮೇಲೆ. ಆದರೆ ಅದೇ 1970ರಲ್ಲಿ ಪಾಲ್ ಮೆಕಾರ್ಟ್ನಿ ಎಲ್ಲ ವಾದ್ಯಗಳನ್ನೂ ತಾನೇ ನುಡಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ನುಡಿಸಿದ, ನಿಜ. ಅದರಲ್ಲಿನ ‘ಮೇಬಿ ಐಯಾಮ್ ಅಮೇಜ್ಡ್’ ಅಮೆರಿಕದ ಮೊದಲ ಹತ್ತರ ಪಟ್ಟಿಗೆ ಏರಿದ್ದು ಮಾತ್ರ 1977ರಲ್ಲಿ, ಅವನ ಹೊಸ ಬ್ಯಾಂಡ್ ವಿಂಗ್ಸ್ ವೇದಿಕೆಯಲ್ಲಿ ನುಡಿಸಿದ ರೂಪದಲ್ಲಿ. ಉಳಿದ ಹಾಡುಗಳಲ್ಲಿ ಹಲವು ಇಂದಿಗೂ ಕರಡುಗಳಂತೆಯೇ ಕೇಳಿಸುತ್ತವೆ.

ಜೆನೆಸಿಸ್ ಬಿಟ್ಟ ಪೀಟರ್ ಗೇಬ್ರಿಯಲ್ 1977ರ ತನ್ನ ಮೊದಲ ಆಲ್ಬಂಗೆ ಬಾಬ್ ಎಜ್ರಿನ್‌ನಂಥ ಗಟ್ಟಿ ನಿರ್ಮಾಪಕನನ್ನೂ ರಾಬರ್ಟ್ ಫ್ರಿಪ್, ಟೋನಿ ಲೆವಿನ್‌ರನ್ನೂ ಕೂಡಿಸಿಕೊಂಡ. ಅವನ 1980ರ ಆಲ್ಬಂಗೆ ಡ್ರಮ್ಸ್ ನುಡಿಸಲು ಬಂದವನು ಹಳೆಯ ಜೊತೆಗಾರ ಫಿಲ್ ಕಾಲಿನ್ಸ್. ಸಿಂಬಲ್ ಮುಟ್ಟಕೂಡದು ಎಂಬುದು ಗೇಬ್ರಿಯಲ್‌ನ ಕಟ್ಟಪ್ಪಣೆ. ಆ ನಿರ್ಬಂಧದೊಳಗೆ, ಎಂಜಿನಿಯರ್ ಹ್ಯೂ ಪ್ಯಾಡ್ಗಮ್‌ನ ಕೈಯಲ್ಲಿ, ದಪ್ಪಗೆ ಮೊಳಗಿ ತಟ್ಟನೆ ಕಡಿದುಹೋಗುವ ಡ್ರಮ್ ಸದ್ದು ರೂಪುಗೊಂಡಿತು. ಮರುವರ್ಷ ಕಾಲಿನ್ಸ್‌ನ ಮೊದಲ ಸೋಲೊ ಆಲ್ಬಂ ಹೆಸರಾದದ್ದು ಅದೇ ಸದ್ದಿನಿಂದ. ಇದನ್ನು ಯಾರೊಬ್ಬರ ‘ನಿಜವಾದ ದನಿ’ ಎಂದು ಲೆಕ್ಕ ಹಿಡಿಯುವುದು?

ವಾದ ಗಟ್ಟಿಯಾಗುವುದು ಎಂಬತ್ತರ ದಶಕದಲ್ಲಿ. ಅದನ್ನು ಬರೀ ಸಿಂಥಸೈಜರ್ ಯುಗವೆಂದು ಬದಿಗೆ ಸರಿಸುವವರು ಕಿವಿಗೊಟ್ಟು ಕೇಳಿಲ್ಲ. ಬ್ಲ್ಯಾಕ್ ಸಬ್ಬತ್‌ನಿಂದ ಹೊರದಬ್ಬಿಸಿಕೊಂಡ ಆಝಿ ಆಸ್ಬರ್ನ್‌ನ ‘ಬ್ಲಿಝರ್ಡ್ ಆಫ್ ಆಝ್’ 1980ರಲ್ಲಿ ಬಂತು. ಗಿಟಾರ್‌ಗೆ ರಾಂಡಿ ರೋಡ್ಸ್, ಡ್ರಮ್ಸ್‌ಗೆ ಲೀ ಕರ್ಸ್ಲೇಕ್. ಬೇಸ್ ನುಡಿಸಿ ಸಾಹಿತ್ಯದ ಬಹುಪಾಲು ಬರೆದವನು ಬಾಬ್ ಡೇಸ್ಲಿ. ಹಣ ಮತ್ತು ಹೆಸರಿನ ಜಗಳದ ನಡುವೆ 2002ರ ಮರುಬಿಡುಗಡೆಯಲ್ಲಿ ಬೇಸ್, ಡ್ರಮ್ಸ್ ಎರಡನ್ನೂ ಅಳಿಸಿ ಬೇರೆಯವರಿಂದ ನುಡಿಸಿದರು. ಹಾಡಿದ ದನಿ ಅದೇ, ಗಿಟಾರ್ ಅದೇ. ಕೇಳುಗರು ಸಿಡಿದೆದ್ದರು, 2011ರಲ್ಲಿ ಮೂಲವನ್ನೇ ಮರಳಿಸಬೇಕಾಯಿತು. ಫ್ರೆಡ್ಡಿ ಮರ್ಕ್ಯುರಿಯದು ತಿರುವುಮುರುವಾದ ಪ್ರಯೋಗ. 1985ರ ‘ಮಿಸ್ಟರ್ ಬ್ಯಾಡ್ ಗೈ’ಯನ್ನು ಅವನು ಮ್ಯೂನಿಕ್‌ನಲ್ಲಿ ಕ್ವೀನ್ ಹೊರತಾಗಿ ಮಾಡಿದ. ಅದರಲ್ಲಿ ‘ಐ ವಾಸ್ ಬಾರ್ನ್ ಟು ಲವ್ ಯು’ ಚುರುಕಾದ, ನುಣ್ಣನೆಯ ನೃತ್ಯಗೀತೆ. ದನಿಗೆ ಎದುರೇ ಇಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಕ್ಕೆ, 1995ರ ‘ಮೇಡ್ ಇನ್ ಹೆವನ್’ಗಾಗಿ, ಕ್ವೀನ್‌ನ ಉಳಿದ ಮೂವರು ಆ ಹಳೆಯ ದನಿಯನ್ನೇ ಇಟ್ಟುಕೊಂಡು ಹಿಮ್ಮೇಳ ಹೊಸದಾಗಿ ಕಟ್ಟಿದರು. ಬ್ರಯನ್ ಮೇಯ ಗಿಟಾರ್ ಪ್ರತಿ ಸಾಲಿನ ಕೊನೆಗೂ ಅಡ್ಡ ಬರುತ್ತದೆ, ಕೆಣಕುತ್ತದೆ. ಮೊದಲು ಬರೀ ಹುರುಪಾಗಿದ್ದ ದನಿ ಈಗ ಹಟವಾಗಿ ಕೇಳುತ್ತದೆ. ಸತ್ತವನು ಹೊಸದಾಗಿ ಹಾಡಿದ್ದು ಒಂದಕ್ಷರವೂ ಇಲ್ಲ.

ಹಾಗಾದರೆ ಒಳ್ಳೆಯ ವಾದಕರನ್ನು ಕರೆತಂದರೆ ಸಾಕೇ? ಸಾಲದು, ಸಾಕ್ಷಿ ಮಿಕ್ ಜ್ಯಾಗರ್. 1985ರ ‘ಶಿ ಈಸ್ ದ ಬಾಸ್’ನಲ್ಲಿ ಜೆಫ್ ಬೆಕ್, ಹರ್ಬಿ ಹ್ಯಾಂಕಾಕ್, ನಿರ್ಮಾಣಕ್ಕೆ ಬಿಲ್ ಲಾಸ್ವೆಲ್, ನೈಲ್ ರಾಜರ್ಸ್. ದಿಗ್ಗಜರೆಲ್ಲ ಬಂದರು, ನುಡಿಸಿದರು, ಹೋದರು. ಅವನ ಬ್ಯಾಂಡಿನ ಜೊತೆಗಾರ ಕೀತ್ ರಿಚರ್ಡ್ಸ್‌ನಂತೆ ಜಗಳಕ್ಕೆ ನಿಲ್ಲುವ ಸಲಿಗೆ ಯಾರಿಗೂ ಇರಲಿಲ್ಲ. ಅದೇ ವರ್ಷ ಸ್ಟಿಂಗ್ ಕೂಡ ಬ್ರ್ಯಾನ್‌ಫರ್ಡ್ ಮಾರ್ಸಲಿಸ್, ಕೆನ್ನಿ ಕರ್ಕ್‌ಲ್ಯಾಂಡ್ ಮೊದಲಾದ ಜಾಝ್ ವಾದಕರನ್ನು ಕರೆಸಿದ. ಆದರೆ ಅವರನ್ನು ಬ್ಯಾಂಡಾಗಿ ಉಳಿಸಿಕೊಂಡು ಊರೂರು ತಿರುಗಿದ, ಎದುರಾಡಲೂ ಬಿಟ್ಟ. ವ್ಯತ್ಯಾಸ ಕೇಳಿದರೇ ತಿಳಿಯುತ್ತದೆ.

ಈ ಚರಿತ್ರೆಯಲ್ಲಿ ಹೆಂಗಸರ ಜಾಗ ವಿಚಿತ್ರವಾದದ್ದು. ಫ್ಲೀಟ್‌ವುಡ್ ಮ್ಯಾಕ್‌ನ ಸ್ಟೀವಿ ನಿಕ್ಸ್ 1981ರಲ್ಲಿ ‘ಬೆಲಾ ಡೊನಾ’ ತಂದಾಗಲೂ, ಶುಗರ್‌ಕ್ಯೂಬ್ಸ್‌ನಿಂದ ಬಂದ ಬ್ಯೋರ್ಕ್ 1993ರಲ್ಲಿ ‘ಡೆಬ್ಯೂ’ ತಂದಾಗಲೂ ನಿರ್ಮಾಪಕರಾದ ಜಿಮ್ಮಿ ಐಯೊವೈನ್, ನೆಲ್ಲೀ ಹೂಪರ್ ಹೆಸರು ಚರ್ಚೆಯ ಮುಂಚೂಣಿಗೇ ಬರುತ್ತದೆ. ಗಂಡಸಿನ ಆಲ್ಬಂನಲ್ಲಿ ಮರೆಯಾಗುವ ಮೇಳ ಹೆಂಗಸಿನದರಲ್ಲಿ ಮಾತ್ರ ಕಣ್ಣಿಗೆ ಬೀಳುವುದು ಕಿವಿಯ ದೋಷವಂತೂ ಅಲ್ಲ. ಮೇಳ ಮರೆಯಾಗುವುದು ನಮ್ಮಲ್ಲೂ ಉಂಟು. ಬೆಂಗಳೂರಿನ ಅಂತರಾಗ್ನಿ ಬ್ಯಾಂಡಿನ ರಘು ದೀಕ್ಷಿತ್ ವಿಶಾಲ್-ಶೇಖರ್ ಜೋಡಿಯ ಸಂಸ್ಥೆಯಿಂದ 2008ರಲ್ಲಿ ಮೊದಲ ಆಲ್ಬಂ ತಂದರು; ಜೊತೆಗೆ ವಾದಕರು ಬಂದುಹೋಗಬಹುದಾದ ‘ಪ್ರಾಜೆಕ್ಟ್’ ಒಂದನ್ನೂ ಕಟ್ಟಿದರು. ಆ ಆಲ್ಬಂ ಕುರಿತ ಕನ್ನಡದ ಬರಹಗಳು ಅದರಲ್ಲಿನ ಶಿಶುನಾಳ ಶರೀಫರ ತತ್ವಪದಗಳ ಸಾಹಿತ್ಯವನ್ನೂ ಗಾಯಕರ ಕಂಠವನ್ನೂ ಮೆಚ್ಚಿ ಅಲ್ಲಿಗೇ ನಿಂತುಬಿಡುತ್ತವೆ. ಆ ತತ್ವಪದಗಳ ಅಡಿಯಲ್ಲಿ ಬೇಸ್ ಗಿಟಾರ್ ಏನು ಮಾಡುತ್ತಿದೆ ಎಂದು ಬರೆದವರು ಇಲ್ಲವೆನ್ನುವಷ್ಟು ಕಡಿಮೆ.