ಪಾರದರ್ಶಕ
ಪಾರದರ್ಶಕ (ಗುಣವಾಚಕ): ಬೆಳಕನ್ನು ಚದುರಿಸದೆ ಹಾಯಗೊಟ್ಟು, ಆಚೆ ಇರುವುದನ್ನು ನಿಚ್ಚಳವಾಗಿ ಕಾಣಿಸುವ. ಸಂಸ್ಕೃತದಲ್ಲಿ 'ಪಾರ' ಎಂದರೆ ಆಚೆಯ ದಡ, 'ದರ್ಶಕ' ಎಂದರೆ ತೋರಿಸುವಂಥದು. ಮೋನಿಯರ್ ವಿಲಿಯಮ್ಸ್ ನಿಘಂಟು (1899) ದಡ ತೋರಿಸುವ ಅರ್ಥವನ್ನೂ ಬೆಳಕು ಹಾಯುವ ಅರ್ಥವನ್ನೂ ಜೊತೆಗೇ ಕೊಡುತ್ತದೆ. ಇದರ ಒಡಹುಟ್ಟಾದ 'ಪಾರದರ್ಶಿ' ವಸ್ತುವಲ್ಲ, ಮನುಷ್ಯ: ವಿದ್ಯೆಯ ದಡ ಕಂಡವನು.

ಕನ್ನಡಕ್ಕೆ ಈ ಪದ ಇಲ್ಲದಾಗಲೂ ಕೊರತೆ ಇರಲಿಲ್ಲ. ಹಳಗನ್ನಡಕ್ಕೆ ಸ್ಫಟಿಕದ ತದ್ಭವ 'ಪಳುಕು' ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ 'ತಿಳಿ' ಇತ್ತು. ಕೆಸರು ತಳಕ್ಕಿಳಿದ ಮೇಲೆ ನಿಲ್ಲುವುದು ತಿಳಿನೀರು, ಮಜ್ಜಿಗೆಯ ಮೇಲೆ ನಿಲ್ಲುವುದು ತಿಳಿ. ಅದೇ ಪದ ಕ್ರಿಯೆಯಾದರೆ 'ಅರಿ' ಎಂಬ ಅರ್ಥ ಪಡೆಯುತ್ತದೆ. ಕಾಣುವುದನ್ನೂ ಅರಿಯುವುದನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಹಗುರತನ ಪಾರದರ್ಶಕಕ್ಕೆ ಬಂದಿಲ್ಲ.

ಇಂದಿನ ಮಕ್ಕಳಿಗೆ ಪದ ಸಿಗುವುದು ವಿಜ್ಞಾನದ ಪಾಠದಲ್ಲಿ, ಅರೆಪಾರದರ್ಶಕ, ಅಪಾರದರ್ಶಕಗಳ ಸಂಗಡ. ಪಾಠಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದ ಸಂತೆಯಲ್ಲಿ ಮಂಡಾಳಿನ ಜೊತೆಗೆ ಕಟ್ಟಿಸಿಕೊಂಡ ಮಿರ್ಚಿಯ ಎಣ್ಣೆ ಪತ್ರಿಕೆಯ ಹಾಳೆಗೆ ಇಳಿದರೆ ಸಾಕು, ಹಿಂಬದಿಯ ಅಕ್ಷರ ಮೂಡುತ್ತದೆ. ಕಾಗದದ ನಾರುಗಳ ನಡುವಿನ ಗಾಳಿ ಬೆಳಕನ್ನು ಚದುರಿಸುತ್ತಿತ್ತು. ಗಾಳಿಯ ಜಾಗಕ್ಕೆ ಬಂದ ಎಣ್ಣೆ ಬೆಳಕನ್ನು ಬಾಗಿಸುವ ರೀತಿ ನಾರಿನದಕ್ಕೆ ಹತ್ತಿರ, ಚದುರುವಿಕೆ ತಗ್ಗಿತು. ಗಂಗಾವತಿಯ ಅಕ್ಕಿಯಲ್ಲೂ ಇದೇ ಲೆಕ್ಕ. ಗಟ್ಟಿಯಾಗಿ ತುಂಬಿದ ಕಾಳು ಗಾಜಿನಂತೆ ಹೊಳೆಯುತ್ತದೆ. ಪಿಷ್ಟದ ಕಣಗಳ ನಡುವೆ ಗಾಳಿ ಉಳಿದ ಕಾಳಿನ ಹೊಟ್ಟೆಯಲ್ಲಿ ಸುಣ್ಣದಂಥ ಬಿಳಿ ಮಚ್ಚೆ. ಭತ್ತವನ್ನು ಕುದಿಸಿ ಒಣಗಿಸಿದಾಗ ಪಿಷ್ಟ ಅಂಟಿಕೊಂಡು ಆ ಮಚ್ಚೆಯೂ ಮಾಯವಾಗುತ್ತದೆ.

ಬಜಾರಿನಲ್ಲಿ ಮಾತ್ರ ಪದ ಇನ್ನೂ ಪರಕೀಯ; ಅಂಗಡಿಯವರಿಗೆ ಅರ್ಥವಾಗುವುದು 'ಟ್ರಾನ್ಸ್‌ಪರೆಂಟ್ ಫೈಲು'. ಪಾರದರ್ಶಕ ಬೇರೂರಿದ್ದು ಕಚೇರಿಯಲ್ಲಿ. ಟೆಂಡರುಗಳನ್ನು ನಿಯಂತ್ರಿಸುವ 1999ರ ರಾಜ್ಯ ಕಾಯ್ದೆ 'ಪಾರದರ್ಶಕತೆ'ಯನ್ನು ಹೆಸರಿನಲ್ಲೇ ಹೊತ್ತಿತು. 2005ರ ಮಾಹಿತಿ ಹಕ್ಕು ಕಾಯ್ದೆಯ ನಂತರ ಅದು ಭಾಷಣದ ಮಾತೂ ಆಯಿತು. ವಿರುದ್ಧಪದಕ್ಕೆ ಆ ಯೋಗವಿಲ್ಲ. ಮುಚ್ಚಿಟ್ಟ ಆಡಳಿತವನ್ನು 'ಅಪಾರದರ್ಶಕ' ಎಂದು ಬೈಯುವವರು ವಿರಳ. ಗೋಜಲು ಮಾತಿಗೆ ಅಡ್ಡಗೋಡೆಯ ಮೇಲಿನ ದೀಪದ ಗಾದೆ ಇದೆ, ಉಳಿದುದಕ್ಕೆ ಕಟ್ಟೆಯ ಮೇಲೆ ಕೂತವರ ಮಾತು, "ಎಲ್ಲಾ ಒಳಗಿಂದೊಳಗ ಮುಗಿಸ್ಯಾರ."